ಅಡ್ಮಿಟ್ ಮಾಡೂಣೇನು?

ಎರಡು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳು, ಆಫೀಸಿನಲ್ಲಿ ಅಪ್ರೈಸಲ್ ಗಡಿಬಿಡಿ. ನಿಪ್ಪಾಣಿಯಿಂದ ಕಾಕುನ ಫೋನು ಬಂತು.

"ತಮ್ಮಾ, ಹುಡುಗ ಪಂಚರ್ ಸೊಲ್ಯೂಶನ್ ಮೂಸಾಕತ್ತಾನ. ನಿಮ್ಮ ಕಾಕಾ ಸೆಂಟರಿಗೆ ಹಾಕೂಣು, ಆರು ತಿಂಗಳು ಅಲ್ಲೇ ಬಿದ್ದಿರ್ಲಿ ಅಂತಾರ. ನೀ ಬೆಂಗಳೂರಾಗ ಇದ್ದಿ, ಯಾರನ್ನರೆ ಕೇಳಿ ಹೇಳು. ಅಡ್ಮಿಟ್ ಮಾಡೂಣೇನು, ಮನ್ಯಾಗ ಇಟ್ಕೊಂಡು ತೋರ್ಸೂಣೇನು?"

ಹುಡುಗನಿಗೆ ಆಗ 16. ಆರನೇ ಇಯತ್ತೆಯಲ್ಲೇ ಗುಟ್ಕಾ ಹಿಡಿದಿದ್ದ. ಅದನ್ನ ನಾವ್ಯಾರೂ ಚಟ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಾನು ಡಾಕ್ಟರ್ ಅಲ್ಲ, ಹಳೇ ಕಾಗದ ಓದೋ ಹುಚ್ಚಿನವನು. ಕಾಕುನ ಪ್ರಶ್ನೆ ಹಿಡಕೊಂಡು ಓದ್ತಾ ಹೋದ ಹಾಗೆ, ಈ ಪ್ರಶ್ನೆಗೆ ನೂರೆಂಬತ್ತು ವರ್ಷದ ಇತಿಹಾಸ ಇದೆ ಅಂತ ಗೊತ್ತಾಯ್ತು.

ನಮ್ಮ ಕಡೆ ಅದು ಶುರುವಾಗೋದು ಧಾರವಾಡದಿಂದ. 1840ರ ದಶಕದಲ್ಲಿ ಬ್ರಿಟಿಷರು ಅಲ್ಲಿ ಹುಚ್ಚಾಸ್ಪತ್ರೆ ತೆರೆದರು. ಇವತ್ತಿನ ಡಿಮ್ಹಾನ್ಸ್‌ನ ಮೂಲ ಅದೇ. ಆ ಕಾಲದ ನಂಬಿಕೆ ಸರಳ: ಕೆಟ್ಟವನನ್ನ ಊರಿಂದ ಎತ್ತು, ಗೋಡೆಯೊಳಗೆ ಇಡು. ಚಿಕ್ಕೋಡಿ, ರಾಯಬಾಗ ಕಡೆ ಈಗಲೂ ಯಾರಿಗಾದರೂ "ನಿನ್ನ ಧಾರವಾಡಕ್ಕ ಕಳಸಬೇಕು" ಅಂದರೆ ಅದು ಬೈಗುಳವೇ.

ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ದೂರದ ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆಸ್ಪತ್ರೆ ಆವರಣದಲ್ಲೇ ಡೇರೆ ಹೊಡೆಸಿ, ರೋಗಿ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮನೆಯವರು ಕಾಯಿಲೆಯನ್ನ ಅರ್ಥ ಮಾಡಿಕೊಂಡಷ್ಟು ರೋಗಿಗಳು ಬೇಗ ಮನೆಗೆ ಮರಳಿದರು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಮುಂದೆ ಕುಟುಂಬ ಚಿಕಿತ್ಸೆಯ ಹಾದಿಯಲ್ಲೇ ಬೆಳೆಯಿತು.

ಆಮೇಲೆ ಲೆಕ್ಕದ ಕಾಲ ಬಂತು. 1977ರಲ್ಲಿ ಲಂಡನ್ನಿನ ಗ್ರಿಫಿತ್ ಎಡ್ವರ್ಡ್ಸ್, ಜಿಮ್ ಆರ್ಫರ್ಡ್ ಮತ್ತು ಸಂಗಡಿಗರು ಕುಡಿತದ ಚಟವಿದ್ದ 100 ಗಂಡಸರ ಮೇಲಿನ ಅಧ್ಯಯನ ಪ್ರಕಟಿಸಿದರು. ಅರ್ಧ ಜನರಿಗೆ, ಹೆಂಡತಿಯನ್ನೂ ಕೂರಿಸಿಕೊಂಡು, ಒಂದೇ ಸಲದ ಸಲಹೆ. ಉಳಿದವರಿಗೆ ಬೇಕಾದರೆ ವಾರ್ಡಿಗೂ ಸೇರಿಸುವ ಪೂರ್ತಿ ಚಿಕಿತ್ಸೆ. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು! ಅವರು ದೊಡ್ಡವರು, ಮಕ್ಕಳ ಕಥೆ ಬೇರೆ ಅಂತೀರಾ? 2004ರಲ್ಲಿ ಅಮೆರಿಕದಲ್ಲಿ, ಮುಖ್ಯವಾಗಿ ಗಾಂಜಾ ಚಟವಿದ್ದ 600 ಹದಿಹರೆಯದವರ ಅಧ್ಯಯನ ಹೊರಬಂತು. ಎಲ್ಲರೂ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆಗೆ ಬಂದವರು, ಚಿಕಿತ್ಸೆ ಐದು ಬಗೆ. ಐದರಿಂದಲೂ ಉಪಯೋಗ ಆಯ್ತು, ಐದರ ಫಲವೂ ಹತ್ತಿರ ಹತ್ತಿರ. ಆದರೆ ವರ್ಷದ ಕೊನೆಗೆ ಪೂರ್ತಿ ಚೇತರಿಸಿಕೊಂಡಿದ್ದವರು ಸುಮಾರು ಕಾಲು ಭಾಗ ಮಾತ್ರ. ಅಂದರೆ ಓಪಿಡಿಯೂ ಮಂತ್ರದಂಡ ಅಲ್ಲ.

ನನ್ನನ್ನ ಹೆಚ್ಚು ಕಾಡಿದ್ದು ಇನ್ನೊಂದು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಹೆರಾಯಿನ್ ಚಟ ಹತ್ತಿಸಿಕೊಂಡ ಅಮೆರಿಕನ್ ಸೈನಿಕರನ್ನ ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದ ಆರಂಭದಲ್ಲಿ ಹುಡುಕಿ ಮಾತಾಡಿಸಿದರು. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು 5. ಆ ಕಾಡು, ಆ ಭಯ, ಆ ಜೊತೆಗಾರರು, ಅಷ್ಟು ಅಗ್ಗದ ಮಾಲು, ಎಲ್ಲ ಹಿಂದೆಯೇ ಉಳಿದಿತ್ತು.

ಹಾಗಾದರೆ ನಮ್ಮ ಹುಡುಗ ಸೆಂಟರಿಂದ ಮರಳೋದು ಎಲ್ಲಿಗೆ? ನಿಪ್ಪಾಣಿಗೆ. ಅದು ತಂಬಾಕಿನ ಊರು. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ರೈತರು ಪುಣೆ-ಬೆಂಗಳೂರು ಹೆದ್ದಾರಿ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ರೈತರು ಸತ್ತರು. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿದ ಕಥೆಯನ್ನ ಬೆಂಗಳೂರಿನ ಯುಗಾಂತರ್ ತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ನನ್ನ ಅಜ್ಜಿಯೂ ವಖಾರಿಯ ಘಾಟಿನಲ್ಲೇ ದುಡಿದು ಮಕ್ಕಳನ್ನ ಓದಿಸಿದಾಕೆ. ನನ್ನ ಇಂಜಿನಿಯರಿಂಗ್ ಫೀಸಿನ ಬುಡದಲ್ಲೂ ತಂಬಾಕಿದೆ. 2013ರ ಮೇ 31ರಂದು ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಕೊಡೋಕೆ ಶುರು ಮಾಡಿದರು. ಬೆರೆಸೋ ಕೆಲಸ ಹುಡುಗರದ್ದು.

ಕಾಕಾ ಹೇಳಿದ ಸೆಂಟರನ್ನ ನೋಡೋಕೆ ನಾನೂ ಹೋದೆ. ಜಾಲರಿ ಬಾಗಿಲು, ನಲವತ್ತು ದಾಟಿದ ಕುಡುಕರ ನಡುವೆ ಇಬ್ಬರು ಹುಡುಗರು. ಮೂರು ತಿಂಗಳು ಮನೆಯವರು ಫೋನೂ ಮಾಡುವಂತಿಲ್ಲವಂತೆ. ಅಲ್ಲಿಗೆ ಬರೋ ಹೊತ್ತಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಓದಿದ್ದೆ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ಸಮಸ್ಯೆಗೂ ಅದು ಅನ್ವಯಿಸುತ್ತೆ. 18 ತುಂಬದವರನ್ನ ದಾಖಲಿಸಬೇಕಾದರೆ, ಊರಲ್ಲೇ ಸಿಗುವ ಚಿಕಿತ್ಸೆ ಸೋತಿರಬೇಕು ಇಲ್ಲವೇ ಆ ಮಗುವಿಗೆ ಒಗ್ಗದ್ದಾಗಿರಬೇಕು. ಮಕ್ಕಳನ್ನ ದೊಡ್ಡವರಿಂದ ಬೇರೆ ಇಡಬೇಕು. ಮನೆಯವರೊಬ್ಬರು ಅಥವಾ ಅವರು ನೇಮಿಸಿದವರು ಕೊನೇತನಕ ಜೊತೆಗಿರಬೇಕು. ಅಮೃತಸರದ ಡೇರೆ ಹೀಗೆ ಕಾನೂನಿನೊಳಗೆ ಬಂದು ಕೂತಿದೆ ಅನ್ನಿಸಿತು.

ಹಾಗಂತ ಹಾಸಿಗೆ ಬೇಡವೇ ಬೇಡ ಅಂತಲ್ಲ. ದಿನಾ ಕುಡಿಯೋ ಹುಡುಗ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಸಾಯ್ತೀನಿ ಅನ್ನೋರಿಗೆ, ಭ್ರಮೆ ಹತ್ತಿದವರಿಗೆ, ಮನೆಯೇ ಅಪಾಯ ಆದವರಿಗೆ ವಾರ್ಡೇ ಬೇಕು. ಸೊಲ್ಯೂಶನ್ನೂ ಸಣ್ಣದಲ್ಲ. ಒಂದೇ ಸಲ ಮೂಸಿದರೂ ಹೃದಯ ನಿಲ್ಲಬಹುದು. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಒಂದೇ ಚಟ ಇದು: ದೊಡ್ಡವರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17.

ಡಾಕ್ಟರು ಪರೀಕ್ಷೆ ಮಾಡಿ, ಸದ್ಯಕ್ಕೆ ಅಡ್ಮಿಶನ್ ಬೇಡ ಅಂದರು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ಸರ್ಕಾರದ 'ಮನೋಚೈತನ್ಯ' ಕಾರ್ಯಕ್ರಮ ಇದೆ. ಅಥಣಿ, ಕಾಗವಾಡದವರು ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಮಿರಜಿನ ಬಸ್ಸು ಹತ್ತುತ್ತಾರೆ. ಆದರೆ ವಾರ ವಾರ ಹೋಗಬೇಕಾದ ಚಿಕಿತ್ಸೆ ಹತ್ತಿರ ಇದ್ದರಷ್ಟೇ ನಡೆಯುತ್ತೆ.

ಮೊದಲ ಮಂಗಳವಾರ ಆಪ್ತಸಮಾಲೋಚಕಿ ಹುಡುಗನನ್ನ ಬಿಟ್ಟು ಕಾಕಾನ್ನ ಕೇಳಿದರು: "ನೀವೇನು ಹಾಕ್ಕೋತೀರಿ?"

ಕಾಕಾ ಕಿಸೆಯಿಂದ ತಂಬಾಕಿನ ಚೀಲ, ಸುಣ್ಣದ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟ. "ಇದು ಚಟ ಅಲ್ರೀ ಬಾಯಾರ, ನಮ್ಮ ಹೊಲದ ಬೆಳಿ."

ಹುಡುಗ ಮೊದಲ ಸಲ ನಕ್ಕನಂತೆ.

ಗ್ಯಾರೇಜು ಬಿಡಿಸಿದೆವು. ಹಳೇ ದೋಸ್ತರು ಸಂಜೆ ಸೇರೋ ಹೊತ್ತಿಗೆ ಕಬಡ್ಡಿಗೆ ಕಳಿಸಿದೆವು. ಎರಡು ಸಲ ಮತ್ತೆ ಬಿದ್ದ, ಎರಡು ಸಲವೂ ಮುಂದಿನ ಮಂಗಳವಾರ ಕಾಕಾನೇ ಕರಕೊಂಡು ಹೋದ, ಅರ್ಧ ದಿನದ ಕೆಲಸ ಬಿಟ್ಟು. ಈಗ ಹುಡುಗ ಐಟಿಐ ಓದ್ತಿದ್ದಾನೆ. ಸೊಲ್ಯೂಶನ್ ಮುಟ್ಟಿ ಹನ್ನೊಂದು ತಿಂಗಳಾಯ್ತು. ಗುಟ್ಕಾ ಪೂರ್ತಿ ಬಿಟ್ಟಿಲ್ಲ.

ನಿಮಗೂ ಊರಿಂದ ಇಂಥ ಫೋನು ಬರಬಹುದು. ಟೆಲಿ-ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ. ಅಡ್ಮಿಟ್ ಮಾಡಬೇಕೋ ಬೇಡವೋ ಅನ್ನೋದನ್ನ ಡಾಕ್ಟರು ಹೇಳಲಿ. ಅವನು ಮರಳಿ ಬರೋ ಮನೆ ಹೆಂಗಿರಬೇಕು ಅನ್ನೋದನ್ನ ಮಾತ್ರ ನಾವೇ ನೋಡಬೇಕು.

ಕಳೆದ ವಾರ ಕಾಕು ಫೋನ್ ಮಾಡಿದ್ದಳು. ಕಾಕಾನ ಸುಣ್ಣದ ಡಬ್ಬಿ ಎಂಟು ದಿನದಿಂದ ಕಾಣ್ತಿಲ್ಲವಂತೆ. ಹುಡುಗನೇ ಮುಚ್ಚಿಟ್ಟಿರಬೇಕು ಅಂತ ಅವಳ ಗುಮಾನಿ.