ಐದು ಸೆಂಟಿನ ಟಿಕೆಟ್ಟು, 44 ವರ್ಷದ ರಾಜಕೀಯ

2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊ ದರ ಏರಿತಲ್ಲ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯ್ತಲ್ಲ, ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಏರಿಸಿದ್ದು ಯಾರು? ಕೇಂದ್ರವೋ, ರಾಜ್ಯವೋ? ನಾನೂ ಅದನ್ನೇ ಕೇಳಿದೆ. ಕ್ಯಾಮೆರಾ ಆಫ್ ಆದ ಮೇಲೆ ನೆನಪಾಗಿದ್ದು ನ್ಯೂಯಾರ್ಕ್. ಅಲ್ಲಿ ಇದರ ಉಲ್ಟಾ ನಡೆದಿತ್ತು. ದರ ಏರಲೇ ಇಲ್ಲ. ಸುಮಾರು 44 ವರ್ಷ!

1904ರ ಅಕ್ಟೋಬರ್ 27. ನ್ಯೂಯಾರ್ಕಿನ ಮೊದಲ ಸಬ್‌ವೇ ಉದ್ಘಾಟನೆ. ಮೇಯರ್ ಮೆಕ್ಲೆಲನ್ ಶಾಸ್ತ್ರಕ್ಕೆ ರೈಲು ಶುರು ಮಾಡಿ ಚಾಲಕನ ಕೈಗೆ ಕೊಡಬೇಕಿತ್ತು. ಆದರೆ ಅವರು ಹ್ಯಾಂಡಲ್ ಬಿಡಲೇ ಇಲ್ಲ, 103ನೇ ಬೀದಿಯವರೆಗೂ ತಾವೇ ಓಡಿಸಿದರು! ಅವತ್ತು ಸಂಜೆ ಏಳಕ್ಕೆ ಜನರಿಗೆ ಬಾಗಿಲು ತೆರೆಯಿತು. ಟಿಕೆಟ್ ಐದು ಸೆಂಟ್, ಅಂದರೆ ಒಂದು ನಿಕಲ್ ನಾಣ್ಯ. ಸುರಂಗ ಕಟ್ಟಿದ ದುಡ್ಡು ನಗರದ್ದು, ರೈಲು ಓಡಿಸುವ ಗುತ್ತಿಗೆ ಖಾಸಗಿ ಕಂಪನಿಯದ್ದು.

1913ರಲ್ಲಿ ನಗರ ಎರಡು ಕಂಪನಿಗಳ ಜೊತೆ ದೊಡ್ಡ ಒಪ್ಪಂದ ಮಾಡಿಕೊಂಡಿತು. ಬ್ರಾಂಕ್ಸ್, ಬ್ರೂಕ್ಲಿನ್, ಕ್ವೀನ್ಸ್ ಕಡೆಗೆ ಹೊಸ ಮಾರ್ಗಗಳು. ಐದು ಸೆಂಟ್ ದರವೂ ಆ ಒಪ್ಪಂದದಲ್ಲೇ ಸೇರಿಹೋಯಿತು. ಇದರಿಂದ ಬಡವರಿಗೆ ಸಿಕ್ಕಿದ್ದು ಸಣ್ಣದಲ್ಲ. ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ಉಸಿರುಗಟ್ಟಿ ಬದುಕುತ್ತಿದ್ದ ಕುಟುಂಬಗಳು ದೂರದಲ್ಲಿ ಮನೆ ಮಾಡಿ, ಐದೇ ಸೆಂಟಿನಲ್ಲಿ ಕೆಲಸಕ್ಕೆ ಬಂದು ಹೋಗುವಂತಾಯ್ತು. 1910ರಲ್ಲಿ ಮ್ಯಾನ್‌ಹಟನ್ ದ್ವೀಪವೊಂದರಲ್ಲೇ 23 ಲಕ್ಷ ಜನ ಇದ್ದರು. 1940ರ ಹೊತ್ತಿಗೆ ಅದು 19 ಲಕ್ಷಕ್ಕಿಂತ ಕೆಳಗೆ ಬಂತು.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ, ಅಲ್ವಾ? ಆಮೇಲೆ ಮೊದಲ ಮಹಾಯುದ್ಧ ಬಂತು. 1914ರಿಂದ 1920ರೊಳಗೆ ಅಮೆರಿಕದಲ್ಲಿ ಬೆಲೆಗಳು ಹೆಚ್ಚುಕಡಿಮೆ ಎರಡು ಪಟ್ಟಾದವು. ಕಲ್ಲಿದ್ದಲು, ಉಕ್ಕು, ಸಂಬಳ ಎಲ್ಲವೂ ಏರಿತು. ಟಿಕೆಟ್ ಮಾತ್ರ ಅದೇ ಐದು ಸೆಂಟ್. 1918ರ ಕೊನೆಯಲ್ಲಿ ಬ್ರೂಕ್ಲಿನ್ ಕಂಪನಿ ದಿವಾಳಿಯಾಯಿತು. 1932ರಲ್ಲಿ ಇನ್ನೊಂದರ ಸರದಿ.

ದರ ಏರಿಸಬಹುದಿತ್ತಲ್ಲ? ಏರಿಸುವ ಧೈರ್ಯ ಯಾವ ಮೇಯರ್‌ಗಿತ್ತು ಹೇಳಿ! ಜಾನ್ ಹೈಲನ್ ಅಂತ ಒಬ್ಬ ಮೇಯರ್. ಒಂದು ಕಾಲದಲ್ಲಿ ಬ್ರೂಕ್ಲಿನ್ನಿನ ರೈಲು ಓಡಿಸಿ, ಕೆಲಸ ಕಳೆದುಕೊಂಡವರು. ಐದು ಸೆಂಟ್ ಉಳಿಸುತ್ತೇನೆ ಅಂತಲೇ 1921ರಲ್ಲಿ ಮತ್ತೆ ಗೆದ್ದರು. ನಿಕಲ್ ಮುಟ್ಟಿದವನು ಕೆಟ್ಟ ಅನ್ನುವ ಪರಿಸ್ಥಿತಿ ಆಯ್ತು.

ಕೊನೆಗೆ 1940ರಲ್ಲಿ ಎರಡೂ ಕಂಪನಿಗಳ ಮಾರ್ಗಗಳನ್ನು ನಗರವೇ ಕೊಂಡುಕೊಂಡಿತು. ಆಗಲೂ ಐದೇ ಸೆಂಟ್. 1948ರ ಜುಲೈ 1ಕ್ಕೆ ಮೊದಲ ಬಾರಿ ಹತ್ತಾಯಿತು. 1953ರಲ್ಲಿ ಹದಿನೈದು. ಗೇಟಿನ ಯಂತ್ರಕ್ಕೆ ಎರಡು ನಾಣ್ಯ ನುಂಗಲು ಬರುತ್ತಿರಲಿಲ್ಲ, ಹಾಗಾಗಿ ಟೋಕನ್ ಹುಟ್ಟಿತು.

ಆದರೆ ದುರಸ್ತಿಯನ್ನು ಮುಂದಕ್ಕೆ ಹಾಕುವ ಚಾಳಿ ದರ ಏರಿದ ಮೇಲೂ ಬಿಡಲಿಲ್ಲ. 1970ರ ದಶಕದಲ್ಲಿ ಹಳಿ ತಪ್ಪುವ ರೈಲು, ಸುರಂಗದಲ್ಲಿ ಬೆಂಕಿ, ಬಣ್ಣ ಗೀಚಿದ ಬೋಗಿಗಳು ದಿನನಿತ್ಯದ ಮಾತಾದವು. ಬೇರೆ ಕಾರಣಗಳೂ ಇದ್ದವು, ನಗರವೇ ದಿವಾಳಿ ಅಂಚಿಗೆ ಬಂದಿತ್ತು. 1982ರಿಂದ ಸಾಲ ಎತ್ತಿ ಹಳಿ, ಬೋಗಿ ಹೊಸದು ಮಾಡಲು ಶುರುಮಾಡಿದರು.

ಹಾಗಾದರೆ ದರ ಏರಿಸಿದ್ದೇ ಸರಿ ಅಂತೀನಾ? ಖಂಡಿತ ಇಲ್ಲ. ಆ ಐದು ಸೆಂಟು ಲಕ್ಷಾಂತರ ಜನರನ್ನು ವಠಾರದಿಂದ ಹೊರಗೆ ತಂದಿತು. ಅಗ್ಗದ ಟಿಕೆಟ್ ತಪ್ಪಲ್ಲ. ಆದರೆ ಕಡಿಮೆ ಬಿದ್ದ ದುಡ್ಡನ್ನು ತೆರಿಗೆಯಿಂದ ಪ್ರತಿ ವರ್ಷ ತುಂಬಿಕೊಡುತ್ತೇವೆ ಅಂತ ಸರ್ಕಾರ ಬಾಯಿಬಿಟ್ಟು ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಪ್ರಯಾಣಿಕ ಕೊಡಲಿಲ್ಲ, ಸರ್ಕಾರ ಸಾಕಷ್ಟು ಕೊಡಲಿಲ್ಲ, ಹಳಿ ಸವೆಯಿತು.

ನಮ್ಮಲ್ಲೂ ಮುಂದೆ ಯಾರಾದರೂ ದರ ಇಳಿಸ್ತೀವಿ ಅಂತ ವೇದಿಕೆ ಹತ್ತಿದರೆ ಚಪ್ಪಾಳೆ ತಟ್ಟಿ, ನಾನೂ ತಟ್ಟುತ್ತೇನೆ. ಅದರ ಜೊತೆಗೇ ಕೇಳಿ: ಸ್ವಾಮಿ, ಉಳಿದ ದುಡ್ಡು ಯಾವ ಬಜೆಟ್ಟಿನಲ್ಲಿ ಇಟ್ಟಿದ್ದೀರಿ? ಅವತ್ತು ಸ್ಟುಡಿಯೋದಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆ ಇದು.