ಬರಿಗಾಲಿನವರ ಚರಿತ್ರೆ: ದಂಡಿನ ಅಹ್ಮದ್ ಖಾನ್

ಬೆಂಗಳೂರಿನ ಚರಿತ್ರೆ ಬರೆದವರು ಕೆಂಪೇಗೌಡರ ಗೋಪುರಗಳನ್ನು ಎಣಿಸಿದ್ದಾರೆ. ಟಿಪ್ಪುವಿನ ಅರಮನೆಯ ಕಂಬಗಳನ್ನು ಎಣಿಸಿದ್ದಾರೆ. ದಿವಾನರ ಪೇಟಗಳ ಜರಿಯನ್ನೂ ಬಿಡದೆ ಬಣ್ಣಿಸಿದ್ದಾರೆ. ಆದರೆ ಹಲಸೂರಿನ, ಶಿವಾಜಿನಗರದ ಕೇರಿಗಳಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಲಂಡನ್ನಿಗೆ ಹೋಗಿಬಂದ ಹುಡುಗರ ಲೆಕ್ಕ ಇಟ್ಟವರು ಎಷ್ಟು ಜನ? ಅವರು ತಮಿಳರು, ಅವರು ಸಾಬರು, ಅದು ದಂಡು, ನಮ್ಮದಲ್ಲ ಅಂತ ಪೇಟೆಯ ಕನ್ನಡ ಎಂದೋ ತೀರ್ಮಾನಿಸಿಬಿಟ್ಟಿತು. ಆ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಈ ನೆಲದ ಮೇಲೆ ಬೆವರು ಸುರಿಸಿದವರ ಚರಿತ್ರೆಯೆಲ್ಲ ಈ ನೆಲದ ಚರಿತ್ರೆಯೇ. ಅದಕ್ಕೇ ಅಹ್ಮದ್ ಖಾನ್ ಅವರ ಬಗ್ಗೆ ಬರೆಯುತ್ತಿದ್ದೇವೆ.

ಮೊದಲು ದಂಡಿನ ಕತೆ. 1809ರಲ್ಲಿ ಇಂಗ್ಲಿಷರು ಪೇಟೆಯ ಪಕ್ಕ ತಮ್ಮ ಸೈನ್ಯದ ಠಾಣ್ಯ ಕಟ್ಟಿದರು. ಸೈನ್ಯವೊಂದು ಬಂದರೆ ಅದರ ಹಿಂದೆ ಅಡುಗೆಯವರು, ಕುದುರೆ ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು, ಕಕ್ಕಸು ಬಳಿಯುವವರು ಬರಲೇಬೇಕಲ್ಲ. ತಮಿಳು ಸೀಮೆಯಿಂದ ಹಾಗೆ ಬಂದವರಲ್ಲಿ ನಮ್ಮ ಜನ ಬಹಳ. ಊರಲ್ಲಿ ಹೊಲಗೇರಿ, ಇಲ್ಲಿ ಬ್ಯಾರಕ್ಕಿನ ಹಿಂದಿನ ಸಾಲು. ಆಗ ಬ್ಲ್ಯಾಕ್‌ಪಲ್ಲಿ ಅನ್ನಿಸಿಕೊಳ್ಳುತ್ತಿದ್ದ ಇಂದಿನ ಶಿವಾಜಿನಗರದಲ್ಲಿ ಮುಸಲ್ಮಾನ ಬಡವರು ನೆಲೆಯೂರಿದರು. ಹಲಸೂರಿನ ಒಂದು ಕೇರಿಗೆ ಗನ್ ಟ್ರೂಪ್ ಅಂತಲೇ ಹೆಸರು. ಫಿರಂಗಿಯ ಹೆಸರು ಹೊತ್ತ ಆ ಕೇರಿ ಈಗ ಗೌತಮಪುರ. ಹೆಸರಲ್ಲೇ ಬುದ್ಧ ಬಂದು ಕೂತಿದ್ದಾನೆ.

ಬಿಳಿ ಸೋಲ್ಜರುಗಳು ಸಂಜೆ ಫುಟ್‌ಬಾಲ್ ಆಡುತ್ತಿದ್ದರು. ಗೆರೆಯಾಚೆ ಹೋದ ಚೆಂಡನ್ನು ಎತ್ತಿಕೊಡುವುದು ಕೇರಿಯ ಹುಡುಗರ ಪಾಲು. ಎತ್ತಿಕೊಡುವ ಮೊದಲು ಒಮ್ಮೆ ಒದ್ದು ನೋಡಿದವನೇ ನಮ್ಮ ಮೊದಲ ಆಟಗಾರ. ಚೆಂಡಾಟಕ್ಕೆ ಬ್ಯಾಟು ಬೇಡ, ಬಿಳಿ ಪ್ಯಾಂಟು ಬೇಡ, ಕ್ಲಬ್ಬಿನ ಸದಸ್ಯತ್ವ ಬೇಡ. ಚಿಂದಿ ಸುತ್ತಿ ಉಂಡೆ ಮಾಡಿದರೂ ಆಟ ನಡೆದೀತು. ಹಾಗಾಗಿ ಆಳುವವರ ಆಟಗಳಲ್ಲಿ ಬಡವರ ಕೈಗೆ, ಅಲ್ಲ, ಕಾಲಿಗೆ ಸಿಕ್ಕಿದ್ದು ಇದೊಂದೇ.

ಸಿಕ್ಕಿದ್ದನ್ನು ಅವರು ಏನು ಮಾಡಿದರು ನೋಡಿ. ಮುಂಬಯಿಯಲ್ಲಿ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ಅಲ್ಲಿಂದ 1936ರವರೆಗೆ ಆ ಕಪ್ಪು ಬಿಳಿಯರ ಸೈನ್ಯದ ತಂಡಗಳ ಕೈ ಬಿಟ್ಟು ಹೋಗಲಿಲ್ಲ. 1937ರಲ್ಲಿ ಅದನ್ನು ಕಿತ್ತುಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷ ಮತ್ತೆ ಅವರೇ ಗೆದ್ದರು. ಸ್ವಾತಂತ್ರ್ಯಕ್ಕೆ ಹತ್ತು ವರ್ಷ ಮೊದಲೇ, ದಂಡಿನ ಚಾಕರಿಯವರ ನಡುವಿಂದ ಬಂದ ಹುಡುಗರು ದಂಡಿನ ದೊರೆಗಳನ್ನು ಮೈದಾನದಲ್ಲಿ ಸೋಲಿಸಿದ್ದು ನಮ್ಮ ಯಾವ ಶಾಲೆಯ ಪಾಠದಲ್ಲಿದೆ?

ಅಹ್ಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಇದೇ ಬೆಂಗಳೂರಿನಲ್ಲಿ. ಆಟವಾಡುವ ಮನೆತನ. ಅವರ ಜಾಗ ಮುಂಪಡೆಯಲ್ಲಿ, ಎಡಗಡೆ. ಅಮೆರಿಕದಲ್ಲಿ ಕಾಲೇಜಿನ ಚೆಂಡಾಟಗಾರನಿಗೆ ಊರಗಲದ ಸ್ಟೇಡಿಯಂ ಕಟ್ಟಿಕೊಡುತ್ತಾರೆ, ವಿದ್ಯಾರ್ಥಿವೇತನ ಕೊಡುತ್ತಾರೆ. ಇಲ್ಲಿ ದಂಡಿನ ಹುಡುಗನಿಗೆ ಕಾಲೇಜು ಅಂದರೆ ಧೂಳಿನ ಮೈದಾನ, ಮೇಷ್ಟ್ರು ಅಂದರೆ ತನಗಿಂತ ಎರಡು ವರ್ಷ ದೊಡ್ಡ ಹುಡುಗ. ಆ ಧೂಳಲ್ಲೇ ಅಹ್ಮದ್ ಕಲಿತದ್ದು ಚೆಂಡನ್ನು ಕಾಲ್ಬೆರಳಿಗೆ ಅಂಟಿಸಿಕೊಂಡು ಓಡುವ ವಿದ್ಯೆ. ಎದುರಾಳಿ ಎಡಕ್ಕೆ ಬಾಗಿದರೆ ಇವರು ಬಲಕ್ಕೆ. ಅವರನ್ನು ಹಾವಾಡಿಗ ಅಂತ ಕರೆದರು.

1947ರ ಜುಲೈ 26ರಂದು ದಂಡು ಪ್ರದೇಶ ಮೈಸೂರಿಗೆ ಮರಳಿ ಬಂತು. ಆ ವರ್ಷವೇ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿ ಚಾಂಪಿಯನ್ ಆಗಿತ್ತು. 1948ರ ಲಂಡನ್ ಒಲಿಂಪಿಕ್ಸಿಗೆ ಹೊರಟ ಭಾರತದ ತಂಡದಲ್ಲಿ ಬೆಂಗಳೂರಿನವರ ಒಂದು ದಂಡೇ ಇತ್ತು. ಗೋಲ್‌ಕೀಪರ್ ವರದರಾಜ್, ಷಣ್ಮುಗಂ, ಬಷೀರ್, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್. ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ದಂಡಿನ ಬೀದಿಯೇ ಎದ್ದು ಬಂದ ಹಾಗಿಲ್ಲವೇ?

ಜುಲೈ 31ರಂದು ಇಲ್‌ಫರ್ಡಿನಲ್ಲಿ ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಪಾದಕ್ಕೆ ಪಟ್ಟಿ ಸುತ್ತಿಕೊಂಡು ಬರಿಗಾಲಲ್ಲೇ ಇಳಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸರಿಗಟ್ಟಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಹೊಡೆದದ್ದು ಬೆಂಗಳೂರಿನ ಕಾಲು. ಎರಡು ಪೆನಾಲ್ಟಿ ಕೈತಪ್ಪಿದವು. ಆಟ ಮುಗಿಯಲು ಒಂದು ನಿಮಿಷ ಇದ್ದಾಗ ಫ್ರಾನ್ಸ್ ಗೆದ್ದುಬಿಟ್ಟಿತು, 2-1. ನಾವು ಆಡುವುದು ಫುಟ್‌ಬಾಲು, ನೀವು ಆಡುವುದು ಬೂಟ್‌ಬಾಲು ಅಂತ ನಾಯಕ ಟಿ. ಆವೊ ಹೇಳಿದರೆಂಬ ಮಾತು ಇಂದಿಗೂ ಓಡಾಡುತ್ತದೆ.

ಮಾತು ಚೆನ್ನಾಗಿದೆ, ನಾವೂ ನಗುತ್ತೇವೆ. ಆದರೆ ನಕ್ಕು ಸುಮ್ಮನಾಗಬಾರದು. ಬರಿಗಾಲು ಬರೀ ಬಡತನ ಅಂದರೆ ಅಹ್ಮದರಂಥವರ ಕಲೆಗೆ ಅವಮಾನ. ಚೆಂಡಿನ ಮೈಯನ್ನು ಚರ್ಮಕ್ಕೆ ಚರ್ಮ ತಾಗಿಸಿ ತಿಳಿದ ವಿದ್ಯೆ ಅದು. ಹಾಗಂತ ಬರಿಗಾಲನ್ನು ಪೂಜಿಸುವುದೂ ತಪ್ಪು. ಆ ವಿದ್ಯೆ ಹುಟ್ಟಿದ್ದು ಬೂಟು ಕೊಳ್ಳಲಾಗದ ಮನೆಗಳಲ್ಲಿ. ಬಡವನ ಸಂಕಟವನ್ನು ಅವನ ಸೊಬಗು ಅಂತ ಹೊಗಳುವವರು ಅವನಿಗೆ ಬೂಟು ಕೊಡಿಸುವುದಿಲ್ಲ, ನೆನಪಿರಲಿ.

1948ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಮತ್ತೆ ರೋವರ್ಸ್ ಕಪ್ ಗೆದ್ದಿತು. 1949ರಲ್ಲಿ ಅಹ್ಮದ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಶ ಒಡೆದು ಎರಡು ವರ್ಷ. ಈಸ್ಟ್ ಬೆಂಗಾಲ್ ಅಂದರೆ ಪೂರ್ವ ಬಂಗಾಳದಿಂದ ಮನೆಮಠ ಕಳಕೊಂಡು ಬಂದ ನಿರಾಶ್ರಿತರ ಕ್ಲಬ್ಬು. ಮತದ ಹೆಸರಲ್ಲಿ ಬೀದಿಗೆ ಬಿದ್ದ ಆ ಜನ, ಬೆಂಗಳೂರಿನ ಮುಸಲ್ಮಾನ ಹುಡುಗನೊಬ್ಬನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಹ್ಮದ್, ಸಾಲೆ, ಅಪ್ಪಾರಾವ್, ಧನರಾಜ್, ವೆಂಕಟೇಶ್ ಈ ಐವರ ಮುಂಪಡೆಗೆ ಅವರು ಇಟ್ಟ ಹೆಸರು ಪಂಚ ಪಾಂಡವರು. ಸಾಬರ ಹುಡುಗರು ಪಾಂಡವರಾಗಿದ್ದು ಯಾವ ಪಂಡಿತನ ಅಪ್ಪಣೆಯಿಂದಲೂ ಅಲ್ಲ. ಗ್ಯಾಲರಿಯ ಜನ ತಾವೇ ಮಹಾಭಾರತವನ್ನು ತಿದ್ದಿಕೊಂಡರು. 1949, 1950, 1951, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿನದು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಕೂಡ. ಸುಮಾರು ಹತ್ತು ವರ್ಷ ಅಹ್ಮದ್ ಅಲ್ಲಿ ಆಡಿದರು.

1950ರಲ್ಲಿ ಬ್ರೆಜಿಲ್ಲಿನ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶ ಬಂದಿತ್ತು. ತಂಡ ಹೋಗಲಿಲ್ಲ. ಬರಿಗಾಲಿಗೆ ತಡೆ ಹಾಕಿದರು ಎಂಬ ಕತೆ ಹಬ್ಬಿದೆ. ಆದರೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ಪಿಗೆ ನಮ್ಮಲ್ಲಿ ಬೆಲೆಯೇ ಇರಲಿಲ್ಲ ಎಂದು ಆ ಕಾಲದ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದರು. ಮೇಲೆ ಕೂತವರು ಮಾಡಿದ ತೀರ್ಮಾನದ ತಪ್ಪನ್ನು ಆಡುವವನ ಬರಿಗಾಲಿನ ಮೇಲೆ ಹೊರಿಸುವುದು ಎಷ್ಟು ಸಲೀಸು! ಅಹ್ಮದರಿಗೆ ಆಗ 23 ವರ್ಷ.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅಹ್ಮದ್ ಇದ್ದರು. 1952ರಲ್ಲಿ ಹೆಲ್ಸಿಂಕಿ. ಯುಗೊಸ್ಲಾವಿಯಾದ ಕೈಲಿ 10-1ರ ಸೋಲು. ಆ ಒಂದು ಗೋಲು ಅಹ್ಮದ್ ಖಾನರದು. ಹತ್ತು ತಿಂದ ಮೇಲೂ ಒಂದು ಹೊಡೆಯಲು ಓಡುತ್ತಲೇ ಇದ್ದ ಮನುಷ್ಯನ ಎದೆ ಎಂಥದ್ದಿರಬೇಕು! ಆ ಸೋಲಿನ ನಂತರ ಭಾರತದ ಫುಟ್‌ಬಾಲಿನಲ್ಲಿ ಬೂಟು ಕಡ್ಡಾಯವಾಯಿತು.

ಆಟ ಮುಗಿದ ಮೇಲೆ ಅವರು ಬೆಂಗಳೂರಿಗೇ ಮರಳಿದರು. 2017ರ ಆಗಸ್ಟ್ 27ರಂದು ತೀರಿಕೊಂಡಾಗ ಅವರಿಗೆ 90 ವರ್ಷ. ಒಬ್ಬ ಕ್ರಿಕೆಟ್ಟಿಗನ ಮೊಣಕಾಲು ನೋವಿಗೆ ಪತ್ರಿಕೆಗಳು ಕೊಡುವಷ್ಟು ಜಾಗ ಎರಡು ಒಲಿಂಪಿಕ್ಸ್ ಆಡಿದವರ ಸಾವಿಗೆ ಸಿಗಲಿಲ್ಲ ಅಂತ ನಮಗನ್ನಿಸಿತು.

ಈ ಆಟ ಬರೀ ಕೀರ್ತಿಯಲ್ಲ, ಅನ್ನವೂ ಆಗಿತ್ತು. ಎಚ್‌ಎಎಲ್, ಕೆ.ಆರ್. ಪುರದ ಬಳಿ ದೂರವಾಣಿನಗರದ ಐಟಿಐ, ಹಲಸೂರಿನ ಮದ್ರಾಸ್ ಸ್ಯಾಪರ್ಸ್ ತಂಡ ಕಟ್ಟಿದವು. ಕಾಲಲ್ಲಿ ಚೆಂಡು ನಿಂತರೆ ಕೈಗೆ ಕೆಲಸ, ಮನೆಗೆ ಸಂಬಳ. ಸರಕಾರಿ ಕಾರ್ಖಾನೆಗಳು ಬಡವಾದಂತೆ ಆ ಬಾಗಿಲೂ ಕಿರಿದಾಯಿತು. ಮೈಸೂರು 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬಂದದ್ದು 2023ರ ಮಾರ್ಚಿಯಲ್ಲಿ, ರಿಯಾದಿನಲ್ಲಿ. ನಡುವೆ 54 ವರ್ಷ.

ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬುದ್ಧ, ಬಾಬಾಸಾಹೇಬ ಅಂಬೇಡ್ಕರ್, ಮದರ್ ತೆರೇಸಾ ಇವರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಬ್ರೆಜಿಲ್ಲಿನ ಕರಿಯ ಬಡವನ ಮಗ ಈ ಕೇರಿಗೆ ನೆಂಟ. ಅವನಲ್ಲಿ ಜನ ತಮ್ಮನ್ನೇ ಕಂಡಿದ್ದಾರೆ. ಅವನ ಪಕ್ಕ ನಮ್ಮ ರಾಮನ್, ನಮ್ಮ ಅಹ್ಮದ್ ಇರಬೇಕಿತ್ತಲ್ಲ ಅಂತ ಅಲ್ಲಿ ನಿಂತಾಗ ನಮಗೆ ಅನ್ನಿಸಿತು. ಕಲ್ಲಿನ ಪ್ರತಿಮೆ ಆಮೇಲಾಗಲಿ. ಗೆಳೆಯರೇ, ಆ ಬೀದಿಗಳಲ್ಲಿ ಇವರ ಆಟ ಕಣ್ಣಾರೆ ಕಂಡ ಅಜ್ಜಂದಿರು ಇನ್ನೂ ಕೆಲವರಾದರೂ ಇದ್ದಾರು. ತಮಿಳಲ್ಲಿ ಹೇಳಲಿ, ಉರ್ದುವಿನಲ್ಲಿ ಹೇಳಲಿ, ಕೂತು ಕೇಳಿ ಕನ್ನಡದಲ್ಲಿ ಬರೆದಿಡೋಣ. ಈ ಕೆಲಸ ಈ ವರ್ಷವೇ ಆಗಬೇಕು.