ಅವ್ವನ ರಕ್ತದಾಗಿನ ಯೂರಿಯಾ

ಹಾವೇರಿ ಜಿಲ್ಲೆಯಾದ ಮರುವರ್ಷ, ಅಂದರೆ 1998ರಲ್ಲಿ, ಬ್ಯಾಡಗಿಯಲ್ಲಿದ್ದ ನನ್ನ ಅವ್ವನ ಕಾಲು ಬಾತುಕೊಂಡವು. ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅವಳದು. ಸೊಂಟನೋವಿಗೆಂದು ಅಂಗಡಿಯ ಗುಳಿಗೆ ತರಿಸಿ ವರ್ಷಗಟ್ಟಲೆ ನುಂಗಿದ್ದಳು. ನಾನು ರಾಣೆಬೆನ್ನೂರಿನಿಂದ ಹೋಗಿ ಅವಳನ್ನು ಹಾವೇರಿಗೆ ಕರೆದೊಯ್ದೆ. ಡಾಕ್ಟರು ರಕ್ತದ ಯೂರಿಯಾ ನೋಡಿಸಲು ಬರೆದುಕೊಟ್ಟರು.

ಲ್ಯಾಬಿನ ಹುಡುಗನನ್ನು ಅವ್ವ ಕೇಳಿಯೇಬಿಟ್ಟಳು: "ಯೂರಿಯಾ ಹೊಲಕ್ಕ ಹಾಕೂದಲ್ಲೇನೋ ತಮ್ಮಾ? ನನ್ನ ರಕ್ತದಾಗ ಹ್ಯಾಂಗ ಬಂತದು?"

"ಎರಡೂ ಒಂದರೀ ಯವ್ವಾ. ತಿಂದ ಬ್ಯಾಳಿ-ಕಾಳಿನಿಂದ ಮೈಯಾಗ ಹುಟ್ಟತೈತಿ, ಮೂತ್ರಪಿಂಡ ಹೊರಗ ಹಾಕತೈತಿ."

"ಅದನ್ನ ನೀ ಹ್ಯಾಂಗ ಹಿಡೀತಿ?"

"ಕಾಳಿನಿಂದ ತಗದ ಔಷಧದಿಂದ!" ಎಂದು ಆತ ನಕ್ಕ.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಆಮೇಲೆ ಓದಿ ತಿಳಿದುಕೊಂಡೆ. ಆ ಔಷಧದ ಹೆಸರು ಯೂರಿಯೇಸ್. ಅದೊಂದು ಕಿಣ್ವ. ಯೂರಿಯಾವನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಆ ಅಮೋನಿಯಾಕ್ಕೆ ಬಣ್ಣ ಬರುವಂತೆ ಮಾಡಿದರೆ, ಬಣ್ಣ ಗಾಢವಾದಷ್ಟೂ ಯೂರಿಯಾ ಹೆಚ್ಚು. 1913ರಲ್ಲಿ ಅಮೆರಿಕದ ಮಾರ್ಷಲ್ ಸೋಯಾ ಕಾಳಿನ ಯೂರಿಯೇಸಿನಿಂದ ಮೂತ್ರದ ಯೂರಿಯಾ ಅಳೆದು ತೋರಿಸಿದ. ಮುಂದೆ ಕತ್ತಿಯಂಥ ಉದ್ದ ಕಾಯಿ ಬಿಡುವ ಜಾಕ್‌ಬೀನ್ ಎಂಬ ಬಿಳಿಕಾಳು ಪ್ರಯೋಗಾಲಯಗಳಲ್ಲಿ ಹೆಸರಾಯಿತು.

ಅದರ ಹಿಂದೆ ಒಬ್ಬ ಹಟವಾದಿಯಿದ್ದ. ಅವನು ಜೇಮ್ಸ್ ಸಮ್ನರ್. ಹದಿನೇಳರ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈ ಕಳೆದುಕೊಂಡ, ಬರೆಯುತ್ತಿದ್ದುದೂ ಎಡಗೈಯಲ್ಲೇ. ಒಂಟಿಗೈಯವನಿಗೆ ರಸಾಯನಶಾಸ್ತ್ರ ಬೇಡವೆಂದು ಹಿರಿಯರು ಹೇಳಿದರೂ ಬಿಡಲಿಲ್ಲ. 1917ರಲ್ಲಿ ಶುರುಮಾಡಿ 1926ರಲ್ಲಿ ಜಾಕ್‌ಬೀನ್ ಹಿಟ್ಟಿನಿಂದ ಯೂರಿಯೇಸಿನ ಹರಳು ತೆಗೆದ. ಹರಳಾಗಿ ಸಿಕ್ಕ ಮೊದಲ ಕಿಣ್ವ ಅದು. ಕಿಣ್ವವೆಂದರೆ ಪ್ರೋಟೀನು ಎಂದ. ಜರ್ಮನಿಯ ದೊಡ್ಡ ವಿದ್ವಾಂಸರು ನಂಬಲಿಲ್ಲ. 1946ರಲ್ಲಿ ನೊಬೆಲ್ ಬಂತು.

ನಮ್ಮ ತೊಗರಿಯಲ್ಲೂ ಹುರುಳಿಯಲ್ಲೂ ಈ ಕಿಣ್ವವಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೊಗರಿಯಿಂದ ಅದನ್ನು ಶುದ್ಧರೂಪದಲ್ಲಿ ತೆಗೆದಿದ್ದಾರೆ. ಹೊಲದ ಮಣ್ಣಲ್ಲೂ ಇದೆ. ಯೂರಿಯಾ ಬೆಳೆಗೆ ದಕ್ಕುವುದು ಬಹುಪಾಲು ಅದರಿಂದಲೇ.

ಅವ್ವನ ಯೂರಿಯಾ ಎರಡು ಪಟ್ಟು ಹೆಚ್ಚಿತ್ತು. ಕ್ರಿಯಾಟಿನಿನ್ನೂ ನೋಡಿದ ಡಾಕ್ಟರು ಮೊದಲು ನೋವಿನ ಗುಳಿಗೆ ನಿಲ್ಲಿಸಿದರು. ಅಂಥ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದಂತೆ. ಎರಡು ತಿಂಗಳಿಗೆ ಯೂರಿಯಾ ಇಳಿಯಿತು. ಅವ್ವ ಇನ್ನೂ ಹನ್ನೊಂದು ವರ್ಷ ಬದುಕಿದಳು. ಕೇರಿಯ ಹೆಂಗಸರು ಸೊಂಟ ಹಿಡಿದುಕೊಂಡು ಗುಳಿಗೆ ಕೇಳಿದಾಗಲೆಲ್ಲ ಅನ್ನುತ್ತಿದ್ದಳು: "ಸುಮ್ಮನ ನುಂಗಬ್ಯಾಡ್ರೇ. ನೀವು ಮುಚ್ಚಿಟ್ಟರೂ ಕಾಳು ಖರೇ ಹೇಳತೈತಿ."